ಮೂರನೆಯ ಸಲ ಹೇಳಿದಾಗ ಮಾತ್ರ: ಏಳನೆಯ ತರಗತಿಯ ಒಂದು ಪ್ರಕರಣ

“ಹೇಳಿದ ಮಾತು ಕೇಳುವುದಿಲ್ಲ” ಎಂಬುದು ನಮ್ಮ ಕ್ಲಸ್ಟರಿನ (ಸುತ್ತಲಿನ ಕೆಲವು ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಗಳಲ್ಲಿ ಆರು, ಏಳು, ಎಂಟನೆಯ ತರಗತಿಗಳಿಗೆ ಪಾಠ ಮಾಡುವವರ ಖಾಯಂ ದೂರು. ಕೊಠಡಿ ಸೋರುತ್ತದೆ, ಹುದ್ದೆ ಖಾಲಿ ಇದೆ ಎಂಬ ದೂರುಗಳಿಗಾದರೆ ಮೇಲಿನವರಿಗೆ ಒಂದು ಅರ್ಜಿಯನ್ನಾದರೂ ಬರೆಯಬಹುದು. ಇದಕ್ಕೆ ಯಾರಿಗೆ ಬರೆಯುವುದು? ಒಂದನೆಯ ತರಗತಿಯ ಮಗು ಮಾತು ಕೇಳದಿದ್ದರೆ ‘ಇನ್ನೂ ಸಣ್ಣದು, ತಿಳಿಯುವುದಿಲ್ಲ’ ಎನ್ನುತ್ತೇವೆ. ಅದೇ ಮಗು ಏಳನೆಯ ತರಗತಿಗೆ ಬಂದು ಮಾತು ಕೇಳದಿದ್ದರೆ ‘ಸೊಕ್ಕು’ ಎನ್ನುತ್ತೇವೆ. ನಡುವಿನ ಆರು ವರ್ಷಗಳಲ್ಲಿ ತಿಳಿಯದೆ ಇರುವ ಹಕ್ಕು ಅದಕ್ಕೆ ಯಾವಾಗ ತಪ್ಪಿಹೋಯಿತೋ ಯಾರೂ ಹೇಳುವುದಿಲ್ಲ.

ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿಯಾಗಿ ನಾನು ಹೋಗಿಬರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದ ಪ್ರಕರಣ ಇದು. ಊರು, ಶಾಲೆ, ಮಕ್ಕಳು, ಶಿಕ್ಷಕರ ಹೆಸರುಗಳನ್ನು ಬಿಟ್ಟಿದ್ದೇನೆ. ಉಳಿದದ್ದನ್ನು ಶಿಕ್ಷಕಿಯ ಒಪ್ಪಿಗೆ ಪಡೆದು ಬರೆದಿದ್ದೇನೆ.

ಶಾಲೆ ಮತ್ತು ತರಗತಿ

ಕಲಬುರಗಿ ಜಿಲ್ಲೆಯಲ್ಲಿ ವಾಡಿ ಮತ್ತು ಶಹಾಬಾದ್ ನಡುವೆ ಈ ಊರಿದೆ. ಸುತ್ತಲೂ ಕಲ್ಲಿನ ಗಣಿಗಳು, ಕಲ್ಲು ಕೊಯ್ದು ಪಾಲಿಶ್ ಮಾಡುವ ಘಟಕಗಳು, ಅವುಗಳ ಆಚೆ ತೊಗರಿಯ ಹೊಲಗಳು. ಶಾಲೆಯ ಗೋಡೆ ಕಲ್ಲಿನದು, ನೆಲಕ್ಕೆ ಶಹಾಬಾದಿನ ಫರಸಿ ಹಾಸಿದ್ದಾರೆ. ಬೇಸಿಗೆಯಲ್ಲಿ ಆ ನೆಲದ ತಂಪು ದೊಡ್ಡ ಪುಣ್ಯ. ಆದರೆ ಸದ್ದನ್ನು ಹೀರಿಕೊಳ್ಳುವಂಥದ್ದು ಆ ಕೊಠಡಿಯಲ್ಲಿ ಒಂದೂ ಇಲ್ಲ. ಬೆಂಚು ಎಳೆದರೆ, ಕಂಪಾಸ್ ಪೆಟ್ಟಿಗೆ ಬಿದ್ದರೆ, ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಅಲ್ಲಿಯೇ ಸುತ್ತುತ್ತದೆ. ಇಂಥ ಕೋಣೆಯಲ್ಲಿ ಹಿಂದಿನ ಸಾಲಿಗೆ ಮಾತಿನ ಸ್ವರಗಳು ತಲುಪುತ್ತವೆ, ವ್ಯಂಜನಗಳು ಕಲಸಿಹೋಗುತ್ತವೆ. ‘ಬರೆಯಿರಿ’ ಎಂದದ್ದೋ ‘ಕರೆಯಿರಿ’ ಎಂದದ್ದೋ ಅಲ್ಲಿ ಕುಳಿತವನೇ ಊಹಿಸಿಕೊಳ್ಳಬೇಕು. ಹೊರಗೆ ರಸ್ತೆಯಲ್ಲಿ ಕಲ್ಲು ತುಂಬಿದ ಲಾರಿ ಹೋದರೆ ಆ ಊಹೆಗೂ ಅವಕಾಶವಿಲ್ಲ.

ಏಳನೆಯ ತರಗತಿಯಲ್ಲಿ ನಲವತ್ತರ ಆಸುಪಾಸು ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಮನೆಯಲ್ಲಿ ಕೆಲವರು ಕನ್ನಡ ಆಡುತ್ತಾರೆ, ಕೆಲವರು ದಖನಿ ಉರ್ದು, ತಾಂಡಾದಿಂದ ಬರುವವರು ಲಂಬಾಣಿ. ಗಣಿ ಕೆಲಸದವರ ಮಕ್ಕಳಿದ್ದಾರೆ, ಗುಳೆ ಹೋಗಿ ವರ್ಷದ ನಡುವೆ ಮರಳಿ ಬಂದವರಿದ್ದಾರೆ.

ಶಿಕ್ಷಕಿ ಪದವೀಧರ ಪ್ರಾಥಮಿಕ ಶಿಕ್ಷಕರ ವೃಂದದವರು. ಆರರಿಂದ ಎಂಟರವರೆಗೆ ವಿಜ್ಞಾನ ಮತ್ತು ಗಣಿತ ಕಲಿಸುತ್ತಾರೆ, ಕಲಬುರಗಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ತಯಾರಿ ಇಲ್ಲದೆ ತರಗತಿಗೆ ಕಾಲಿಡುವವರಲ್ಲ. ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ: ಮಕ್ಕಳು ಮಾತು ಕೇಳುವುದಿಲ್ಲ ಎಂದೊಡನೆ ಕೇಳಿದವರು ಶಿಕ್ಷಕರ ಉದಾಸೀನವನ್ನೇ ಹುಡುಕುತ್ತಾರೆ. ಇಲ್ಲಿ ಅದು ಇರಲಿಲ್ಲ.

ತಟ್ಟೆಗಳ ದಿನ

ಪಾಠ ಆಮ್ಲ ಮತ್ತು ಪ್ರತ್ಯಾಮ್ಲ. ಹಿಂದಿನ ದಿನವೇ ಶಿಕ್ಷಕಿ ಬಿಳಿ ಹಾಳೆಗೆ ಅರಿಶಿನ ಕಲಸಿ ಬಳಿದು, ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ತಂದಿದ್ದರು. ದಾಸೋಹದ ಅಡುಗೆಮನೆಯಿಂದ ಸ್ಟೀಲ್ ತಟ್ಟೆಗಳನ್ನು ಕೇಳಿ ಪಡೆದು, ಪ್ರತಿಯೊಂದರಲ್ಲಿಯೂ ಬಾಟಲಿಯ ಮುಚ್ಚಳಗಳಲ್ಲಿ ನಿಂಬೆರಸ, ಹುಣಸೆನೀರು, ಸಾಬೂನಿನ ನೀರು, ಸುಣ್ಣದ ತಿಳಿನೀರು, ಸಕ್ಕರೆನೀರು ಇಟ್ಟಿದ್ದರು. ಇಂಥ ತಯಾರಿ ನಮ್ಮ ಕ್ಲಸ್ಟರಿನಲ್ಲಿ ದಿನವೂ ಕಾಣುವಂಥದ್ದಲ್ಲ.

ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಅರಿಶಿನದ ಪಟ್ಟಿಗಳನ್ನು ಹಂಚುತ್ತ ನಡೆಯುತ್ತಲೇ ಹೇಳತೊಡಗಿದರು: “ಪಠ್ಯಪುಸ್ತಕ ಒಳಗಿಡಿ. ನೋಟ್‌ಬುಕ್ ತೆಗೆಯಿರಿ. ಮೂರು ಕಾಲಮಿನ ಒಂದು ಕೋಷ್ಟಕ ಎಳೆಯಿರಿ. ಆರಾರು ಜನ ಒಂದು ಗುಂಪಾಗಿ. ಗುಂಪಿನಿಂದ ಒಬ್ಬರು ಬಂದು ತಟ್ಟೆ ಒಯ್ಯಿರಿ. ನಾನು ಹೇಳುವವರೆಗೂ ಮುಟ್ಟಬೇಡಿ. ಯಾವುದರಲ್ಲಿ ಬಣ್ಣ ಬದಲಾಗಬಹುದು ಎಂದು ಮೊದಲು ಊಹಿಸಿ ಬರೆಯಿರಿ. ಆಮೇಲೆ ಒಂದೊಂದೇ ಹನಿ ಹಾಕಿ ನೋಡಿ. ತಿಳಿಯಿತಾ?”

“ತಿಳಿಯಿತು ಮೇಡಂ!” ಇಡೀ ತರಗತಿ ಒಂದೇ ರಾಗದಲ್ಲಿ ಕೂಗಿತು.

ಆ ಕೂಗು ಮುಗಿಯುವ ಮೊದಲೇ ಅರ್ಧ ತರಗತಿ ತಟ್ಟೆಗಳ ಕಡೆ ಓಡಿತ್ತು. ಗುಂಪಿಗೆ ಒಬ್ಬರಲ್ಲ, ಮೂವರು. ಕೋಷ್ಟಕ ಎಳೆದದ್ದು ಮುಂದಿನ ಸಾಲಿನ ನಾಲ್ಕೈದು ಹುಡುಗಿಯರು ಮಾತ್ರ. ಅವರು ಎಷ್ಟು ಶ್ರದ್ಧೆಯಿಂದ ಎಳೆದರೆಂದರೆ ಗುಂಪು ಸೇರುವುದನ್ನೇ ಮರೆತರು. ಒಂದು ತಟ್ಟೆಯ ಸುಣ್ಣದ ನೀರು ನೆಲಕ್ಕೆ ಚೆಲ್ಲಿತು. ಇನ್ನೊಂದು ಗುಂಪಿನವರು ಪಟ್ಟಿಯನ್ನು ಬಿಟ್ಟು ತಮ್ಮ ಅಂಗೈಗೇ ಅರಿಶಿನ ಉಜ್ಜಿ ಸಾಬೂನಿನ ನೀರು ಹಾಕಿಕೊಂಡು ಕೈ ಕೆಂಪಗಾದದ್ದನ್ನು ತೋರಿಸತೊಡಗಿದರು. ಶಿಕ್ಷಕಿ ಎರಡನೆಯ ಸಲ ಎಲ್ಲವನ್ನೂ ಹೇಳಿದರು, ಈಗ ದನಿ ಏರಿತ್ತು. ಯಾರೂ ನಿಲ್ಲಲಿಲ್ಲ. ಮೂರನೆಯ ಸಲ ಡಸ್ಟರಿನಿಂದ ಮೇಜು ಬಡಿದು ಹೇಳಿದರು. ಆಗ ನಿಂತರು. ತರಗತಿಯ ಲೀಡರ್ ಬೋರ್ಡಿನ ಎಡ ಮೂಲೆಯಲ್ಲಿ ಗಲಾಟೆ ಮಾಡಿದವರ ಹೆಸರು ಬರೆಯುತ್ತಿದ್ದ, ಕೆಲವು ಹೆಸರುಗಳ ಮುಂದೆ ಆಗಲೇ ಎರಡು ಮೂರು ಗುಣಾಕಾರ ಚಿಹ್ನೆಗಳು ಬಿದ್ದಿದ್ದವು. ಮಾತನಾಡಬೇಡಿ ಎಂದು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಕೂಗುತ್ತಿದ್ದವನೂ ಅವನೇ.

ಹಿಂದಿನ ಸಾಲಿನ ಒಬ್ಬ ಹುಡುಗನನ್ನು ನಾನು ಗಮನಿಸುತ್ತಿದ್ದೆ. ಅವನ ಬಗ್ಗೆ ಶಿಕ್ಷಕಿ ನನಗೆ ಮೊದಲೇ ಹೇಳಿದ್ದರು: ಹೇಳಿದ್ದರ ತದ್ವಿರುದ್ಧ ಮಾಡುವವನು. ಅವನು ಪಟ್ಟಿಯ ಮೇಲೆ ಸುಣ್ಣದ ನೀರು ಹಾಕಿದ, ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಊಹೆ ಬರೆದಿರಲಿಲ್ಲ, ನೋಟ್‌ಬುಕ್ ತೆರೆದೇ ಇರಲಿಲ್ಲ. ಆಮೇಲೆ ಅದೇ ಕೆಂಪು ಕಲೆಯ ಮೇಲೆ ನಿಂಬೆರಸ ಬಿಟ್ಟ. ಕಲೆ ಮೆಲ್ಲಗೆ ಮತ್ತೆ ಹಳದಿಯಾಯಿತು. ಹುಬ್ಬು ಗಂಟಿಕ್ಕಿ ನೋಡಿದ. ಮತ್ತೆ ಸುಣ್ಣ, ಕೆಂಪು. ಮತ್ತೆ ನಿಂಬೆ, ಹಳದಿ. ಪಕ್ಕದವನ ಮೊಣಕೈ ತಿವಿದು ತೋರಿಸಿದ. ಅಷ್ಟರಲ್ಲಿ ಶಿಕ್ಷಕಿ ಬಂದು ಡ್ರಾಪರ್ ಕಿತ್ತುಕೊಂಡರು. “ಏನಪ್ಪಾ, ನಿನಗೆ ಬೇರೆಯಾಗಿ ಹೇಳಬೇಕಾ? ಮುಟ್ಟಬೇಡ ಎಂದೆನೋ ಇಲ್ಲವೋ?” ಹುಡುಗ ತಲೆ ತಗ್ಗಿಸಿದ. ಪಾಠದಲ್ಲಿ ಮುಂದೆ ಬರಲಿದ್ದ ತಟಸ್ಥೀಕರಣವನ್ನು, ಅಂದರೆ ಆಮ್ಲವೂ ಪ್ರತ್ಯಾಮ್ಲವೂ ಸೇರಿ ಒಂದರ ಗುಣವನ್ನು ಇನ್ನೊಂದು ಕಳೆಯುವುದನ್ನು, ಅವನು ಅದಾಗಲೇ ಮಾಡಿ ಮುಗಿಸಿದ್ದ. ಬೋರ್ಡಿನಲ್ಲಿ ಅವನ ಹೆಸರಿನ ಮುಂದೆ ಇನ್ನೊಂದು ಗುಣಾಕಾರ ಬಿತ್ತು.

ಅವಧಿ ಮುಗಿದಾಗ ಫಲಿತಾಂಶ ಬರೆದವರು ಕಡಿಮೆ, ಬರೆದವರಲ್ಲಿಯೂ ಹಲವರು ಮುಂದಿನವರ ನೋಟ್‌ಬುಕ್ ನೋಡಿ ಬರೆದಿದ್ದರು. ಶಿಕ್ಷಕಿ ಸಿಬ್ಬಂದಿ ಕೊಠಡಿಗೆ ಬಂದು ಕುರ್ಚಿಯಲ್ಲಿ ಕುಸಿದು ಕುಳಿತರು. “ನೋಡಿದಿರಲ್ಲ ಸರ್. ಇನ್ನು ಮೇಲೆ ಪ್ರಯೋಗವೂ ಬೇಡ, ಏನೂ ಬೇಡ. ಬೋರ್ಡಿನ ಮೇಲೆ ಬರೆದುಬಿಡುತ್ತೇನೆ, ನಕಲು ಮಾಡಿಕೊಳ್ಳಲಿ.” ಅಲ್ಲಿದ್ದ ಹಿರಿಯ ಶಿಕ್ಷಕರೊಬ್ಬರು ಚಹಾ ಕುಡಿಯುತ್ತ, “ಛಡಿ ಹೋಯಿತು, ಅದರ ಹಿಂದೆ ನಮ್ಮ ಮಾತೂ ಹೋಯಿತು” ಎಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅವರ ಮಾತಿಗೆ ಸಿಬ್ಬಂದಿ ಕೊಠಡಿಗಳಲ್ಲಿ ಈಗಲೂ ತಲೆದೂಗುವವರು ಬಹಳ. ನಾನು ಒಪ್ಪುವುದಿಲ್ಲ. ಛಡಿಯ ಕಾಲದಲ್ಲಿ ಮಕ್ಕಳು ಸುಮ್ಮನಿರುತ್ತಿದ್ದರು ಎಂಬುದು ನಿಜ. ಹೇಳಿದ್ದು ತಿಳಿದು ಮಾಡುತ್ತಿದ್ದರು ಎಂಬುದಕ್ಕೆ ಯಾವ ಪುರಾವೆ?

ಮಕ್ಕಳು ಹೇಳಿದ್ದು

ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಕರೆದು ಒಂದೇ ಪ್ರಶ್ನೆ ಕೇಳಿದೆ: ಮೇಡಂ ಏನೇನು ಮಾಡಲು ಹೇಳಿದ್ದರು? ಬೈಗುಳದ ವಿಷಯ ಎತ್ತಲಿಲ್ಲ. ಹೆಚ್ಚಿನವರಿಗೆ ನೆನಪಿದ್ದದ್ದು ಪುಸ್ತಕ ಒಳಗಿಡುವುದು ಮತ್ತು ಹನಿ ಹಾಕುವುದು, ಅಂದರೆ ಮೊದಲನೆಯದು ಮತ್ತು ಕೊನೆಯದು. ತಟ್ಟೆ ಎಲ್ಲರಿಗೂ ನೆನಪಿತ್ತು, ಅದು ಕಣ್ಣೆದುರಿಗೇ ಇತ್ತು. ಕೋಷ್ಟಕ ಕೆಲವರಿಗೆ. ಊಹಿಸಿ ಬರೆಯುವುದನ್ನು ನೆನಪಿಟ್ಟವರು ಬೆರಳೆಣಿಕೆಯಷ್ಟು.

ಇದರಲ್ಲಿ ಆಶ್ಚರ್ಯವೇನಿಲ್ಲ. ಕಿವಿಗೆ ಬಿದ್ದದ್ದನ್ನು ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು ಮನಶ್ಶಾಸ್ತ್ರಜ್ಞರು ಕಾರ್ಯಸ್ಮೃತಿ ಎನ್ನುತ್ತಾರೆ. ಅಮೆರಿಕದ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದಂತೆ ವಯಸ್ಕರಲ್ಲಿಯೇ ಅದರ ಮಿತಿ ಸುಮಾರು ನಾಲ್ಕು ಅಂಶಗಳು. ಶಿಕ್ಷಕಿ ಒಂದೇ ಉಸಿರಿನಲ್ಲಿ ಕೊಟ್ಟದ್ದು ಎಂಟು ಸೂಚನೆ, ಕೇಳಿಸಿಕೊಂಡವರು ಹನ್ನೆರಡು ಹದಿಮೂರರ ಮಕ್ಕಳು, ಕೈಯಲ್ಲಿ ಹಳದಿ ಪಟ್ಟಿ, ಎದುರಿಗೆ ಬಣ್ಣದ ನೀರು. ನಮ್ಮ ತರಬೇತಿ ಕಾರ್ಯಾಗಾರಗಳಲ್ಲಿಯೂ ಇದೇ ನಡೆಯುತ್ತದೆ: ಗುಂಪು ಚಟುವಟಿಕೆಯ ಸೂಚನೆ ಮುಗಿದ ಮೇಲೆ ಇಪ್ಪತ್ತು ವರ್ಷ ಸೇವೆಯಾದ ಶಿಕ್ಷಕರು ಪಕ್ಕದವರನ್ನು ‘ಏನಂತೆ ಮಾಡಬೇಕಾದದ್ದು?’ ಎಂದು ಕೇಳುತ್ತಾರೆ. ಅವರನ್ನು ಯಾರೂ ಸೊಕ್ಕಿನವರು ಎನ್ನುವುದಿಲ್ಲ.

ಆದರೆ ಇಡೀ ಪ್ರಕರಣದ ಕೀಲಿ ಸಿಕ್ಕಿದ್ದು ತಾಂಡಾದ ಒಬ್ಬ ಹುಡುಗಿಯ ಮಾತಿನಲ್ಲಿ. ಮೇಡಂ ತಟ್ಟೆ ಮುಟ್ಟಬೇಡಿ ಎಂದದ್ದು ಕೇಳಿಸಿತ್ತೇ ಎಂದು ಕೇಳಿದೆ. ಕೇಳಿಸಿತ್ತು ಎಂದಳು. ಮತ್ತೆ ಯಾಕೆ ಮುಟ್ಟಿದೆ ತಾಯಿ ಎಂದೆ. ಅವಳು ಯಾವ ಅಳುಕೂ ಇಲ್ಲದೆ, ಗೊತ್ತಿಲ್ಲದವನಿಗೆ ತಿಳಿಸುವ ಧಾಟಿಯಲ್ಲಿ ಹೇಳಿದಳು: “ಅದು ಮೊದಲನೆಯ ಸಲ ಹೇಳಿದ್ದು ಸರ್. ಮೊದಲನೆಯ ಸಲ ಮೇಡಂ ಸುಮ್ಮನೆ ಹೇಳುತ್ತಾರೆ. ಮೇಜು ಬಡಿದಾಗ ನಿಜವಾಗಿ ಹೇಳುತ್ತಾರೆ.”

ಜೊತೆಯಲ್ಲಿದ್ದವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಬೇರೆ ಮಕ್ಕಳನ್ನೂ ಕೇಳಿದೆ; ಮಾತು ಬೇರೆ ಬೇರೆ, ತಿರುಳು ಅದೇ. ಹಿಂದಿ ಸರ್ ಎರಡು ಸಲ ಹೇಳುತ್ತಾರೆ, ಮುಖ್ಯ ಗುರುಗಳು ಒಂದೇ ಸಲ, ವಿಜ್ಞಾನದ ಮೇಡಂ ಮೂರು ಸಲ. ಪ್ರತಿ ಶಿಕ್ಷಕರ ಲೆಕ್ಕವೂ ಮಕ್ಕಳ ಬಳಿ ಇತ್ತು. ಅಂದರೆ ಇವರು ಸೂಚನೆ ಪಾಲಿಸದ ಮಕ್ಕಳಲ್ಲ. ಯಾವ ಸೂಚನೆ ಪಾಲಿಸಬೇಕಾದದ್ದು ಎಂಬುದನ್ನು ತಿಂಗಳುಗಟ್ಟಲೆ ಗಮನಿಸಿ ಕಲಿತ ಮಕ್ಕಳು. ಮೂರು ಸಲ ಹೇಳುತ್ತಾರೆಂದು ಖಾತ್ರಿ ಇರುವಾಗ ಮೊದಲ ಎರಡು ಸಲ ಕಿವಿಗೊಡುವುದು ಯಾರಿಗಾದರೂ ದಂಡದ ಕೆಲಸ. ಅವರಿಗೆ ಅದನ್ನು ಕಲಿಸಿದ್ದು ಶಿಕ್ಷಕಿಯ ಸಹನೆ. ಪಾಪ, ತಿಳಿಯದವರಿಗೆ ತಿಳಿಯಲಿ ಎಂದೇ ಅವರು ಮತ್ತೆ ಮತ್ತೆ ಹೇಳುತ್ತಿದ್ದರು.

ಅದೇ ಮಕ್ಕಳು ಊಟದ ಸಾಲಿನಲ್ಲಿ

ಅದೇ ಬಿಡುವಿನಲ್ಲಿ ಇನ್ನೊಂದನ್ನು ನೋಡಲು ಶಿಕ್ಷಕಿಯನ್ನು ಕರೆದುಕೊಂಡು ಹೋದೆ. ಶಾಲೆಯ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದು ಈ ಭಾಗದ ಜಿಲ್ಲೆಗಳಲ್ಲಿಯೇ. ಏಳನೆಯ ತರಗತಿಯವರು ಕೈ ತೊಳೆದು, ತಟ್ಟೆ ತೊಳೆದುಕೊಂಡು, ಸಾಲಿನಲ್ಲಿ ಬಂದು ಅನ್ನ ಸಾಂಬಾರು ಹಾಕಿಸಿಕೊಂಡು, ಚಿಕ್ಕ ಮಕ್ಕಳಿಗೆ ಜಾಗ ಬಿಟ್ಟು ಕುಳಿತರು. ಮೊಟ್ಟೆಯ ದಿನವಾದ್ದರಿಂದ ಮೊಟ್ಟೆ ತಿನ್ನುವವರದು ಒಂದು ಸಾಲು, ಬಾಳೆಹಣ್ಣಿನವರದು ಇನ್ನೊಂದು. ಎಲ್ಲರಿಗೂ ಬಡಿಸಿದ ಮೇಲೆಯೇ ತಿನ್ನಲು ಆರಂಭಿಸಿದರು. ಅಡುಗೆಯ ಅಕ್ಕ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಸುಣ್ಣದ ನೀರು ಚೆಲ್ಲಿದವನೇ ಇಲ್ಲಿ ಸಾಂಬಾರಿನ ಬಕೆಟ್ ಹಿಡಿದು ಒಂದು ತೊಟ್ಟೂ ಚೆಲ್ಲದೆ ಬಡಿಸುತ್ತಿದ್ದ.

ಶಿಕ್ಷಕಿಯ ಮೊದಲ ಪ್ರತಿಕ್ರಿಯೆ, “ಹೊಟ್ಟೆಯ ವಿಷಯವಲ್ಲವೇ, ಅದಕ್ಕೆ” ಎಂದು. ಹಸಿವಿನ ಪಾತ್ರ ಇರಬಹುದು. ಆದರೆ ಹಸಿವು ನೂಕುನುಗ್ಗಲನ್ನೂ ತರಬಲ್ಲದು. ಸಾಲು ಬಂದದ್ದು ಬೇರೆಡೆಯಿಂದ. ಇಲ್ಲಿ ಕ್ರಮ ದಿನವೂ ಒಂದೇ. ಮುಂದಿನ ಹೆಜ್ಜೆ ಯಾವುದು ಎಂಬುದು ಮುಂದಿನವನ ಬೆನ್ನು ನೋಡಿದರೆ ಗೊತ್ತಾಗುತ್ತದೆ, ನೆನಪಿಡಬೇಕಾದದ್ದು ಏನೂ ಇಲ್ಲ. ತಟ್ಟೆಗೆ ಅನ್ನ ಬೀಳುವುದು ಕೈ ತೊಳೆದು ಬಂದ ಮೇಲೆಯೇ. ತರಗತಿಯಲ್ಲಿಯಾದರೋ ವಸ್ತುಗಳು ಮೊದಲು ಬಂದವು, ಮಾತು ಆಮೇಲೆ ಬಂತು.

ಮಾಡಿದ ಬದಲಾವಣೆಗಳು

ಶಿಕ್ಷಕಿಯೂ ನಾನೂ ಕುಳಿತು ಮಾತನಾಡಿದೆವು. ಅವರು ಮೊದಲು ಒಪ್ಪಲಿಲ್ಲ. ಹುಡುಗಿಯ ಮಾತು ಅವರಿಗೆ ನೋವುಂಟುಮಾಡಿತು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, ತಮ್ಮ ತರಗತಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿದ್ದಾಗಿಯೂ ಒಂದೇ ಅವಧಿಯಲ್ಲಿ ‘ಸುಮ್ಮನಿರಿ’ ಎಂದದ್ದನ್ನು ಎಣಿಸಲು ಹೋಗಿ ಬಿಟ್ಟುಬಿಟ್ಟದ್ದಾಗಿಯೂ ಹೇಳಿದರು. ಕೆಲಸ ನಿಜವಾಗಿ ಶುರುವಾದದ್ದು ಅಲ್ಲಿಂದ.

ಮೊದಲು ಜಾಗ. ನಡೆಯುತ್ತ, ಹಂಚುತ್ತ, ಬೋರ್ಡು ಒರೆಸುತ್ತ ಸೂಚನೆ ಕೊಡುವುದನ್ನು ನಿಲ್ಲಿಸಿದರು. ಬಾಗಿಲ ಪಕ್ಕದ ಕಂಬದ ಬಳಿ ನಿಂತರೆ ಸೂಚನೆ ಬರುತ್ತದೆ ಎಂದು ಗೊತ್ತುಮಾಡಿದರು. ಅಲ್ಲಿಂದ ದನಿ ಎರಡೂ ಬದಿಯ ಹಿಂದಿನ ಸಾಲಿಗೆ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನು ಮಕ್ಕಳನ್ನೇ ಕೂರಿಸಿ ಪರೀಕ್ಷಿಸಿದ್ದರು. ಕಂಬದ ಬಳಿ ಕೈ ಎತ್ತಿ ನಿಲ್ಲುವುದು, ಪೂರ್ತಿ ಮೌನವಾಗುವವರೆಗೂ ಬಾಯಿ ತೆರೆಯದಿರುವುದು. ಲಾರಿ ಬಂದರೆ ಲಾರಿ ಹೋಗುವವರೆಗೂ ನಿಲ್ಲುವುದು.

ಎರಡನೆಯದು, ಒಮ್ಮೆಗೆ ಎರಡೇ ಸೂಚನೆ. ಅವು ಮುಗಿದ ಮೇಲೆ ಮುಂದಿನ ಎರಡು. ಬೋರ್ಡಿನ ಎಡ ಮೂಲೆಯಲ್ಲಿ ಗಲಾಟೆ ಮಾಡಿದವರ ಹೆಸರಿದ್ದ ಜಾಗ ಈಗ ಸೂಚನೆಗಳಿಗೆ ಮೀಸಲು: ಅಂಕಿ ಹಾಕಿ, ಸಣ್ಣ ಚಿತ್ರದ ಜೊತೆ. ಓದುವುದರಲ್ಲಿ ಹಿಂದುಳಿದವರೂ ಪೆನ್ಸಿಲ್ಲಿನ ಚಿತ್ರ ಕಂಡರೆ ಬರೆಯಬೇಕೆಂದು ತಿಳಿಯುತ್ತಾರೆ. ಹೆಸರು ಬರೆಯುವ ಅಧಿಕಾರ ಕಳೆದುಕೊಂಡ ಲೀಡರ್ ಕೆಲವು ದಿನ ಮುಖ ಊದಿಸಿಕೊಂಡಿದ್ದ. ವಸ್ತುಗಳು ಹೊರಬರುವುದು ಎಲ್ಲ ಮಾತು ಮುಗಿದ ಮೇಲೆ. ಅಲ್ಲಿಯವರೆಗೆ ತಟ್ಟೆಗಳು ಕಪಾಟಿನೊಳಗೆ.

ಮೂರನೆಯದೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅಂದಾಜು. ‘ತಿಳಿಯಿತಾ?’ ಎಂಬ ಪ್ರಶ್ನೆಯನ್ನು ಕೈಬಿಟ್ಟರು. ಆ ಪ್ರಶ್ನೆಗೆ ನಮ್ಮ ಶಾಲೆಗಳಲ್ಲಿ ಒಂದೇ ಉತ್ತರವಿದೆ, ಅದು ಒಂದನೆಯ ತರಗತಿಯಿಂದಲೇ ಬಾಯಿಪಾಠವಾಗಿರುತ್ತದೆ. ಅದರ ಬದಲು ಯಾರಾದರೂ ಒಬ್ಬರನ್ನು ಹೆಸರು ಹಿಡಿದು, “ಈಗ ನೀನು ಮೊದಲು ಏನು ಮಾಡುತ್ತೀಯ?” ಎಂದು ಕೇಳತೊಡಗಿದರು. ಕೇಳಿ ಸುಮ್ಮನೆ ಕಾಯುವುದು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳ ಗುಣವೇ ಬದಲಾಗುತ್ತದೆ ಎಂದು ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿಯೇ ತೋರಿಸಿದ್ದರು. ಮೂರು ಸೆಕೆಂಡು ಎಂದರೆ ಏನು ಮಹಾ ಎನ್ನಿಸುತ್ತದೆ. ನಲವತ್ತು ಮಕ್ಕಳ ಎದುರು ನಿಂತು ನೋಡಿ.

ಮಗು ತನ್ನ ಮನೆಮಾತಿನಲ್ಲಿ ಉತ್ತರಿಸಬಹುದು ಎಂಬ ರಿಯಾಯಿತಿಯನ್ನೂ ಕೊಟ್ಟರು. ಒಂದು ದಿನ ತಾಂಡಾದ ಆ ಹುಡುಗಿ ಎದ್ದು ನಿಂತು ಕೋಷ್ಟಕ ಎಳೆಯುವ ಸೂಚನೆಯನ್ನು ಲಂಬಾಣಿಯಲ್ಲಿ ಹೇಳಿದಳು. ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಆದರೆ ಹಿಂದಿನ ಸಾಲಿನಲ್ಲಿದ್ದ ತಾಂಡಾದ ಇಬ್ಬರು ಹುಡುಗರು ಸ್ಕೇಲ್ ತೆಗೆದು ಗೆರೆ ಎಳೆಯತೊಡಗಿದರು. ದಖನಿಯಲ್ಲಿ ಹೇಳುವ ಸರದಿಗಾಗಿ ಈಗ ಪೈಪೋಟಿ ಇದೆ. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಕಲಿಕೆ ನಡೆಯಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್ ಹೇಳುತ್ತದೆ. ಮೂರು ಭಾಷೆಯ ಶಿಕ್ಷಕರನ್ನು ಆ ಶಾಲೆಗೆ ಯಾರೂ ಕೊಡುವುದಿಲ್ಲ. ಮೂರು ಭಾಷೆಯ ಮಕ್ಕಳು ಮಾತ್ರ ಅಲ್ಲಿ ಮೊದಲಿನಿಂದಲೂ ಇದ್ದರು.

ಕೊನೆಯದು, ಒಮ್ಮೆ ಮಾತ್ರ ಹೇಳುವುದು. ಇದು ಸುಲಭವಾಗಿ ಆಗಲಿಲ್ಲ.

ಮೊದಲ ವಾರಗಳು

ಮೌನಕ್ಕಾಗಿ ಕೈ ಎತ್ತಿ ನಿಂತ ಮೊದಲ ದಿನ ಅವಧಿಯ ದೊಡ್ಡ ಪಾಲು ಅದರಲ್ಲಿಯೇ ಹೋಯಿತು. ಮಕ್ಕಳು ಮೇಜು ಬಡಿಯುವುದನ್ನೇ ಕಾಯುತ್ತಿದ್ದರು. ಬಡಿತ ಬರಲಿಲ್ಲ, ಗದ್ದಲ ಏರಿತು. ಪಕ್ಕದ ಕೊಠಡಿಯ ಶಿಕ್ಷಕರು ಬಂದು ಇಣುಕಿದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಅದೇ ಹೊತ್ತಿಗೆ ಶೌಚಾಲಯದ ಕೆಲಸ ನೋಡಲು ಬಂದವರು ಕಿಟಕಿಯಲ್ಲಿ ನಿಂತು, “ಮೇಡಂ, ಮೈಗೆ ಹುಷಾರಿಲ್ಲವೇ?” ಎಂದು ಕೇಳಿದರು. ಒಮ್ಮೆ ಮಾತ್ರ ಹೇಳಿದ ಪರಿಣಾಮವಾಗಿ ಅರ್ಧ ತರಗತಿ ಏನೂ ಮಾಡದೆ ಕುಳಿತಿತ್ತು, ಉಳಿದರ್ಧ ಅವರನ್ನು ನೋಡುತ್ತ ಕುಳಿತಿತ್ತು. ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುನಡುವೆ ಮಾಡುವ ಮೌಲ್ಯಮಾಪನದ) ಅಂಕಗಳನ್ನು ಕೊಡುವ ದಿನ ಹತ್ತಿರ ಬರುತ್ತಿತ್ತು, ಪಾಠಗಳು ಹಿಂದೆ ಬಿದ್ದಿದ್ದವು. ಶಿಕ್ಷಕಿ ಕೈಚೆಲ್ಲುವ ಹಂತಕ್ಕೆ ಬಂದಿದ್ದರು. ಇಂಥ ಪ್ರಯತ್ನಗಳ ಬಗ್ಗೆ ಬರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ, ಓದಿ ಮಾಡಲು ಹೋದ ಶಿಕ್ಷಕರು ಮೂರನೆಯ ದಿನಕ್ಕೆ ಬಿಟ್ಟುಬಿಡುತ್ತಾರೆ.

ತಿರುವು ಎಂದು ತೋರಿಸಬಹುದಾದ ಒಂದು ದಿನವಿಲ್ಲ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ, ಆದರೆ ಬೋರ್ಡಿನಲ್ಲಿದೆ, ಗೆಳೆಯರನ್ನು ಕೇಳಬಹುದು ಎಂಬುದು ಮಕ್ಕಳಿಗೆ ನಿಧಾನವಾಗಿ ಖಾತ್ರಿಯಾಯಿತು. ಗದ್ದಲದ ಮಧ್ಯೆಯೇ ಮಕ್ಕಳು ಒಬ್ಬರನ್ನೊಬ್ಬರು ‘ಶ್’ ಎನ್ನತೊಡಗಿದರು. ತರಗತಿ ನಿರ್ವಹಣೆಯನ್ನು ಅಧ್ಯಯನ ಮಾಡಿದ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಮುಖ್ಯ ತೀರ್ಮಾನ ಇಲ್ಲಿ ನೆನಪಾಗುತ್ತದೆ: ಗಲಾಟೆ ಆದ ಮೇಲೆ ಶಿಕ್ಷಕರು ಹೇಗೆ ಗದರಿಸುತ್ತಾರೆ ಎಂಬುದಕ್ಕೂ ತರಗತಿ ಚೆನ್ನಾಗಿ ನಡೆಯುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಅವರಿಗೆ ಸಿಗಲಿಲ್ಲ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಸಂಧಿಯನ್ನು ಹೇಗೆ ದಾಟಿಸುತ್ತಾರೆ ಎಂಬುದರಲ್ಲಿ ಸಿಕ್ಕಿತು. ಈ ತರಗತಿಯಲ್ಲಿಯೂ ಎಲ್ಲ ರಾದ್ಧಾಂತ ಆಗುತ್ತಿದ್ದದ್ದು ಸಂಧಿಯಲ್ಲಿಯೇ, ತಟ್ಟೆ ಕೈಗೆ ಬರುವ ಆ ಒಂದೆರಡು ನಿಮಿಷಗಳಲ್ಲಿ.

ದಾಸವಾಳದ ರಸದ ಪ್ರಯೋಗ ನಡೆದ ದಿನ ಮತ್ತೆ ಹೋಗಿದ್ದೆ. ತಟ್ಟೆಗಳು ಕೊನೆಯಲ್ಲಿ ಬಂದವು. ಗುಂಪಿಗೆ ಒಬ್ಬರೇ ಬಂದರು, ಒಂದು ಗುಂಪಿನಿಂದ ಮಾತ್ರ ಇಬ್ಬರು. ಆಮ್ಲಕ್ಕೆ ಕಡುಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು ಎಂದು ತಿಳಿದ ಮೇಲೆ ಶಿಕ್ಷಕಿ ಹಿಂದಿನ ಸಾಲಿನ ಹುಡುಗನನ್ನು ಕರೆದರು. “ಅವತ್ತು ಸುಣ್ಣದ ಕಲೆಯ ಮೇಲೆ ನಿಂಬೆ ಹಾಕಿದ್ದೆಯಲ್ಲ, ಇಲ್ಲಿ ಹಾಕಿದರೆ ಏನಾಗುತ್ತದೆ?” ಅವನು ಬಹಳ ಹೊತ್ತು ಸುಮ್ಮನಿದ್ದ. ಶಿಕ್ಷಕಿ ಕಾದರು. “ಹಸಿರು ಹೋಗಬೇಕು” ಎಂದ. ಹಾಕಿದ, ಹೋಯಿತು. ಊಹೆಯ ಕಾಲಮಿನಲ್ಲಿ ಬರೆದಿದ್ದೆಯಾ ಎಂದು ಕೇಳಿದರೆ ಇಲ್ಲ ಎಂದ.

ಕಿವಿಯ ವಿಷಯ

ಈ ಹುಡುಗನಿಗೆ ಕಿವಿ ಸರಿಯಾಗಿ ಕೇಳಿಸದೇ ಇರಬಹುದು ಎಂಬ ಅನುಮಾನ ನಮಗಿತ್ತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗಳಿಗೆ ಬಂದು ಮಕ್ಕಳ ತಪಾಸಣೆ ಮಾಡುತ್ತವೆ. ಆ ತಂಡ ಬಂದಾಗ ಅವನನ್ನು ವಿಶೇಷವಾಗಿ ತೋರಿಸಿದೆವು. ಅವನ ಕಿವಿ ಚೆನ್ನಾಗಿತ್ತು. ತೊಂದರೆ ಸಿಕ್ಕಿದ್ದು ಮುಂದಿನ ಸಾಲಿನ ಒಬ್ಬ ಹುಡುಗಿಗೆ, ಕಿವಿ ಸೋರಿ ಸೋರಿ ಒಂದು ಬದಿ ಮಂದವಾಗಿತ್ತು. ಅವಳ ಮೇಲೆ ಯಾರೂ ಯಾವತ್ತೂ ದೂರು ಹೇಳಿರಲಿಲ್ಲ. ಪಕ್ಕದವಳು ಪುಸ್ತಕ ತೆಗೆದರೆ ತಾನೂ ತೆಗೆಯುವಳು, ಅವಳು ಬರೆದರೆ ತಾನೂ ಬರೆಯುವಳು. ಮಾತು ಕೇಳುವ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರು ಮೇಲಿತ್ತು. ಕೇಳಿಸಿಕೊಂಡವನು ಪಾಲಿಸುತ್ತಿರಲಿಲ್ಲ, ಪಾಲಿಸುತ್ತಿದ್ದವಳಿಗೆ ಕೇಳಿಸುತ್ತಿರಲಿಲ್ಲ. ಮೇಜಿನ ಹಿಂದೆ ನಿಂತು ನೋಡಿದರೆ ಇದು ಗೊತ್ತಾಗುವುದಿಲ್ಲ. ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆಯಾಗಿದೆ, ಸದ್ಯಕ್ಕೆ ಕಂಬದ ಬಳಿ ಕೂರಿಸಿದ್ದಾರೆ.

ಆಗದೆ ಉಳಿದದ್ದು

ಇಬ್ಬರು ಹುಡುಗರ ಮಟ್ಟಿಗೆ ಈ ಯಾವುದೂ ಫಲ ಕೊಟ್ಟಿಲ್ಲ. ಒಬ್ಬನ ತಂದೆತಾಯಿ ಪುಣೆಯ ಕಟ್ಟಡ ಕೆಲಸದಿಂದ ಮರಳಿದವರು. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಗಲಾಟೆ ಮಾಡಿ ಹೊರಗೆ ಕಳಿಸಿಕೊಳ್ಳುವುದು ಬರುತ್ತದೆ. ಅವನಿಗೆ ಬೇಕಾದದ್ದು ಸೂಚನೆ ಕೊಡುವ ಹೊಸ ವಿಧಾನವಲ್ಲ, ಓದಲು ಕಲಿಸುವವರು. ಅದಕ್ಕೆ ವಿಜ್ಞಾನದ ಅವಧಿ ಸಾಲದು. ಇನ್ನೊಬ್ಬ ಯಾಕೆ ಹಾಗೆ ಎಂಬುದು ನಮಗಿನ್ನೂ ತಿಳಿದಿಲ್ಲ.

ಡಿಸೆಂಬರಿನಲ್ಲಿ ತೊಗರಿ ರಾಶಿ ಶುರುವಾದಾಗ ಹಾಜರಿ ಕುಸಿಯಿತು. ಸಂಕ್ರಾಂತಿಯ ನಂತರ ಮರಳಿದವರು ಹಳೆಯ ಲೆಕ್ಕವನ್ನೇ ಹಿಡಿದು ಬಂದರು, ಮೂರನೆಯ ಸಲಕ್ಕಾಗಿ ಕಾದರು. ಅವರಿಗೆ ಮತ್ತೆ ಮೊದಲಿನಿಂದ ರೂಢಿ ಮಾಡಿಸಬೇಕಾಯಿತು. ಈ ಸಲ ಕೆಲಸ ಬೇಗ ಆಯಿತು, ಹೆಚ್ಚಿನದನ್ನು ಉಳಿದ ಮಕ್ಕಳೇ ಮಾಡಿದರು.

ದೊಡ್ಡ ತೊಡಕು ಬೇರೆಯೇ ಇದೆ. ಈ ಬದಲಾವಣೆ ಒಬ್ಬ ಶಿಕ್ಷಕಿಯ ಅವಧಿಗೆ ಸೀಮಿತ. ಘಂಟೆ ಬಾರಿಸಿ ಬೇರೆಯವರು ಬಂದೊಡನೆ ಮಕ್ಕಳು ಆ ಶಿಕ್ಷಕರ ಲೆಕ್ಕಕ್ಕೆ ಹೊರಳುತ್ತಾರೆ, ಗದ್ದಲ, ಡಸ್ಟರು, ಹೆಸರಿನ ಪಟ್ಟಿ ಎಲ್ಲ ಮರಳುತ್ತವೆ. ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯನ್ನು ಮೆಲುಕು ಹಾಕಿಸುವ) ದಿನಗಳಿಂದಲೇ ಆರರಿಂದ ಎಂಟನೆಯ ತರಗತಿವರೆಗೆ ಎಲ್ಲರೂ ಒಂದೇ ಪದ್ಧತಿ ಅನುಸರಿಸೋಣ ಎಂದು ಮುಖ್ಯ ಗುರುಗಳು ಸಿಬ್ಬಂದಿ ಸಭೆಯಲ್ಲಿ ಸೂಚಿಸಿದರು. ಅತಿಥಿ ಶಿಕ್ಷಕರಿಬ್ಬರು ಒಪ್ಪಿದರು, ಅವರು ಮುಂದಿನ ವರ್ಷ ಇಲ್ಲಿಯೇ ಇರುತ್ತಾರೆಂಬ ಖಾತ್ರಿ ಅವರಿಗೂ ಇಲ್ಲ. ಹಿಂದಿ ಶಿಕ್ಷಕರು ಒಪ್ಪಲಿಲ್ಲ. ತಮ್ಮದು ಪ್ರಯೋಗದ ತರಗತಿಯಲ್ಲ, ಎರಡು ಸಲ ಹೇಳಿದರೆ ತಮ್ಮ ಕೆಲಸ ನಡೆಯುತ್ತದೆ, ಎಲ್ಲ ಶಿಕ್ಷಕರೂ ಒಂದೇ ಅಚ್ಚಿನವರಾದರೆ ಮಕ್ಕಳು ಹೊರಗಿನ ಜನರ ಜೊತೆ ಹೊಂದಿಕೊಳ್ಳುವುದನ್ನು ಎಲ್ಲಿ ಕಲಿಯಬೇಕು ಎಂಬುದು ಅವರ ಪ್ರಶ್ನೆ. ಅದರಲ್ಲಿ ಹುರುಳಿಲ್ಲದೇ ಇಲ್ಲ. ‘ತಿಳಿಯಿತಾ?’ ಎಂದು ಕೇಳುವುದನ್ನು ಮಾತ್ರ ತಾವೂ ಬಿಟ್ಟು ನೋಡುವುದಾಗಿ ಹೇಳಿದರು. ಅಷ್ಟಕ್ಕೆ ಸಭೆ ಮುಗಿಯಿತು.